ಹಿಮ್ಮುಖವಾಗಿ ಕಾರು ನಿಲ್ಲಿಸುವುದನ್ನು ಅಂಜಿಕೆಯಿಲ್ಲದೆ ಕಲಿಯುವ ಬಗೆ

ಬಳ್ಳಾರಿಯ ಮೋತಿ ಸರ್ಕಲ್ಲಿನ ದಟ್ಟಣೆಯಲ್ಲಿ ಅಳುಕಿಲ್ಲದೆ ಕಾರು ನಡೆಸುವವರಲ್ಲಿಯೂ ಎಷ್ಟೋ ಮಂದಿ, ಎರಡು ಕಾರುಗಳ ನಡುವೆ ರಿವರ್ಸ್ ಹಾಕಿ ಗಾಡಿ ನಿಲ್ಲಿಸಬೇಕಾಗಿ ಬಂದಾಗ ಆ ಜಾಗವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಎಲ್ಲೋ ದೂರದಲ್ಲಿ ನಿಲ್ಲಿಸಿ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಡೆದು ಬರುವುದೇ ಮೇಲೆಂದು ಅವರಿಗೆ ತೋರುತ್ತದೆ. ಇದಕ್ಕೆ ಕೈಚಳಕದ ಕೊರತೆ ಕಾರಣವಲ್ಲ. ಕಲಿಸುವವರು ಸ್ಟೇರಿಂಗನ್ನು ಯಾವಾಗ ಎಷ್ಟು ತಿರುಗಿಸಬೇಕೆಂಬುದನ್ನು ಮಾತ್ರ ಬಾಯಿಪಾಠದಂತೆ ಹೇಳಿಕೊಡುತ್ತಾರೆ. ತಿರುಗಿಸುವ ಮೊದಲು ಕಾರನ್ನು ಎಲ್ಲಿ ನಿಲ್ಲಿಸಿರಬೇಕು, ಯಾವ ವೇಗದಲ್ಲಿ ಹಿಂದಕ್ಕೆ ಬಿಡಬೇಕು ಎಂಬುದನ್ನು ಹೇಳುವವರು ಕಡಿಮೆ. ನನ್ನ ತಿಳಿವಳಿಕೆಯಲ್ಲಿ ಈ ಕೆಲಸದ ಮುಕ್ಕಾಲು ಪಾಲು ಇರುವುದು ಅಲ್ಲಿಯೇ.

ಮುಂದಕ್ಕೆ ನುಗ್ಗಿಸಿ ನಿಲ್ಲಿಸುವುದು ಸುಲಭವಾದರೂ ಅದರ ಕಷ್ಟ ಹೊರಡುವಾಗ ಎದುರಾಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆ ಮುಗಿಸಿಕೊಂಡು ಜನರೆಲ್ಲ ಒಂದೇ ಹೊತ್ತಿಗೆ ಹೊರಟಾಗ, ಮೂತಿ ಒಳಗೆ ಮಾಡಿ ನಿಲ್ಲಿಸಿದವರು ಹಿಂದೆ ಏನಿದೆ ಎಂದು ಕಾಣದೆ ಜನಸಂದಣಿಯೊಳಗೆ ಹಿಂದಕ್ಕೆ ಬರಬೇಕಾಗುತ್ತದೆ. ಹಿಮ್ಮುಖವಾಗಿ ನಿಲ್ಲಿಸಿದವರಾದರೋ ಮಕ್ಕಳನ್ನೂ ಬೈಕುಗಳನ್ನೂ ಕಣ್ಣೆದುರೇ ನೋಡುತ್ತ ನೇರವಾಗಿ ಹೊರಬರುತ್ತಾರೆ. ನಿಲ್ಲಿಸುವ ಜಾಗವನ್ನು ಈಗಷ್ಟೇ ಪಕ್ಕದಿಂದ ದಾಟಿ ನೋಡಿರುವುದರಿಂದ, ಅದರೊಳಗೆ ಹಿಂದಕ್ಕೆ ಹೋಗುವುದು ಹರಿಯುವ ರಸ್ತೆಯೊಳಕ್ಕೆ ಹಿಂದಕ್ಕೆ ಬರುವುದಕ್ಕಿಂತ ಎಷ್ಟೋ ಸುರಕ್ಷಿತ.

ಕಾರು ಹಿಂದಕ್ಕೆ ಹೇಗೆ ಚಲಿಸುತ್ತದೆಂಬುದನ್ನು ಮೊದಲು ಮನಸ್ಸಿನಲ್ಲಿ ಕೂಡಿಸಿಕೊಳ್ಳಬೇಕು. ತಿರುಗುವುದು ಮುಂದಿನ ಚಕ್ರಗಳು ಮಾತ್ರ. ಹಿಂದಿನ ಚಕ್ರಗಳು ಬಾಡಿಯ ನೇರಕ್ಕೇ ಇರುತ್ತವೆ. ಆದ್ದರಿಂದ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ಕಟ್ ಮಾಡಿ, ಅಂದರೆ ತಿರುಗುವಷ್ಟೂ ತಿರುಗಿಸಿ, ಹಿಂದಕ್ಕೆ ಬಿಟ್ಟರೆ, ಕೈವಾರದ ಮುಳ್ಳು ಊರಿ ವೃತ್ತ ಎಳೆದಂತೆ, ಎಡಬದಿಯ ಹಿಂದಿನ ಚಕ್ರ ಸಣ್ಣ ವೃತ್ತದಲ್ಲಿಯೂ ಬಲಬದಿಯ ಮುಂದಿನ ಮೂಲೆ ಎಲ್ಲಕ್ಕಿಂತ ದೊಡ್ಡ ವೃತ್ತದಲ್ಲಿಯೂ ಸುತ್ತುತ್ತವೆ. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಸಣ್ಣ ಕಾರಿನಲ್ಲಿಯೂ ಈ ಮುಂದಿನ ಮೂಲೆ ಸುಮಾರು ಒಂದು ಮೀಟರಿನಷ್ಟು ಹೊರಕ್ಕೆ ಬೀಸುತ್ತದೆ. ಹೊಸಬರು ಹಿಂದಿನ ಬಂಪರನ್ನೇ ನೋಡುತ್ತಿರುವಾಗ, ಬಲಗಡೆಯಿಂದ ನುಸುಳಿ ಬರುವ ಬೈಕಿಗೆ ತಗಲುವುದು ಈ ಮೂಲೆಯೇ. ದಿಕ್ಕಿನ ವಿಷಯದಲ್ಲಿ ನೆನಪಿಡಬೇಕಾದದ್ದು ಒಂದೇ: ಕಾರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಸ್ಟೇರಿಂಗನ್ನು ಆ ಕಡೆಗೇ ತಿರುಗಿಸಬೇಕು.

ಅಭ್ಯಾಸಕ್ಕೆ ಊರ ಅಂಚಿನಲ್ಲಿ ಸೈಟು ಹಾಕಿ ಇನ್ನೂ ಮನೆ ಕಟ್ಟದ ಲೇಔಟಿನ ರಸ್ತೆ ಒಳ್ಳೆಯ ಜಾಗ. ಬಿಸಿಲೇರುವ ಮೊದಲೇ, ಬೆಳಗಿನ ಹೊತ್ತು ಹೋಗಬೇಕು. ಕಲಿಕಾ ಲೈಸೆನ್ಸ್ ಮಾತ್ರ ಇರುವವರು ಕಾರಿನ ಹಿಂದೆ ಮುಂದೆ ‘ಎಲ್’ ಫಲಕ ಹಾಕಿಕೊಂಡು, ಲೈಸೆನ್ಸ್ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳತಕ್ಕದ್ದು. ಬಣ್ಣದ ಖಾಲಿ ಡಬ್ಬಿಗಳಿಗೆ ಮರಳು ತುಂಬಿ ಎದೆಮಟ್ಟದ ಕೋಲುಗಳನ್ನು ನೆಟ್ಟರೆ, ಒಳಗೆ ಕುಳಿತವರಿಗೂ ಅವು ಕಾಣುತ್ತವೆ, ತಗಲಿದರೂ ಕಾರಿಗೆ ಪೆಟ್ಟಾಗುವುದಿಲ್ಲ. ಇಟ್ಟಿಗೆ, ಕಲ್ಲು ಇಟ್ಟರೆ ಕಣ್ಣಿಗೂ ಬೀಳವು, ಬಂಪರನ್ನೂ ಉಳಿಸವು. ಕೋಲುಗಳ ನಡುವೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಗುರುತು ಮಾಡಿಕೊಳ್ಳಬೇಕು.

ಜಾಗಕ್ಕೆ ಹೋಗುವ ಮೊದಲು ವೇಗವನ್ನು ಹಿಡಿತಕ್ಕೆ ತಂದುಕೊಳ್ಳುವುದು ಅಗತ್ಯ. ಸಮತಟ್ಟಾದ ನೆಲದ ಮೇಲೆ ರಿವರ್ಸ್ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಕಾರು ಮಿಸುಕುವಷ್ಟು ಮಾತ್ರ ಬಿಟ್ಟು, ಬಲಗಾಲನ್ನು ಬ್ರೇಕಿನ ಮೇಲೆಯೇ ಇರಿಸಿ, ನಡೆಯುವವರಿಗಿಂತ ನಿಧಾನವಾಗಿ ನೇರ ಹಿಂದಕ್ಕೆ ಹೋಗುವುದನ್ನೂ ಬೇಕೆಂದಲ್ಲಿ ನಿಲ್ಲಿಸುವುದನ್ನೂ ಸಾಕೆನಿಸುವವರೆಗೆ ಮಾಡಬೇಕು. ಆಟೋಮ್ಯಾಟಿಕ್ ಕಾರಿನಲ್ಲಿ ಇದೆಲ್ಲ ಬ್ರೇಕ್ ಒಂದರಿಂದಲೇ ಆಗುತ್ತದೆ. ಅರ್ಧ ಕ್ಲಚ್ಚಿನಲ್ಲಿ ಬಹಳ ಹೊತ್ತು ಆಡಿಸಿ ಸುಟ್ಟ ವಾಸನೆ ಬಂದರೆ ಕಾರನ್ನು ನಿಲ್ಲಿಸಿ ಆರಲು ಬಿಡಬೇಕು. ಈ ನಿಧಾನ ಕೈಗೂಡಿದವರಿಗೆ ಉಳಿದದ್ದನ್ನು ಕಲಿಸುವುದು ಕಷ್ಟವಲ್ಲ. ಇದು ಕೈಗೂಡದವರಿಗೆ ಯಾವ ಗುರುತು ಹೇಳಿಕೊಟ್ಟರೂ ಪ್ರಯೋಜನವಿಲ್ಲ. ಪಕ್ಕದ ಕನ್ನಡಿಗಳಲ್ಲಿ ಹಿಂದಿನ ಬಾಗಿಲಿನ ಹಿಡಿಯೂ ಅದರಾಚೆಯ ನೆಲವೂ ಕಾಣುವಂತೆ ಇರಿಸಿಕೊಳ್ಳಬೇಕು. ಉಬ್ಬುಗನ್ನಡಿಯಾದ್ದರಿಂದ ಅದರಲ್ಲಿ ದೂರವಾಗಿ ಕಂಡದ್ದು ವಾಸ್ತವದಲ್ಲಿ ಹತ್ತಿರವೇ ಇರುತ್ತದೆ.

ಈಗ ಮುಖ್ಯ ಪಾಠ. ಜಾಗ ನಿಮ್ಮ ಎಡಕ್ಕಿದೆ, ಅದರ ಎರಡೂ ಬದಿ ರಸ್ತೆಗೆ ಅಡ್ಡಲಾಗಿ ಪಕ್ಕಪಕ್ಕದಲ್ಲಿ ನಿಂತ ಕಾರುಗಳಿವೆ ಎಂದುಕೊಳ್ಳಿ. ಇಂಡಿಕೇಟರ್ ಹಾಕಿ, ನಿಂತ ಕಾರುಗಳಿಂದ ಸುಮಾರು ಒಂದೂವರೆ ಮೀಟರ್ ಅಂತರ ಬಿಟ್ಟು, ಅವುಗಳಿಗೆ ಅಡ್ಡಲಾಗಿ ನೇರವಾಗಿ ಮುಂದೆ ಸಾಗಬೇಕು. ಖಾಲಿ ಜಾಗವನ್ನು ದಾಟಿ, ಅದರಾಚೆಯ ಕಾರಿನ ನಡುಭಾಗವನ್ನು ನಿಮ್ಮ ಹಿಂದಿನ ಬಂಪರ್ ತುಸು ದಾಟಿದಾಗ ನಿಲ್ಲಿಸಬೇಕು. ಹೆಚ್ಚಿನವರು ಇನ್ನೂ ಹಿಂದೆಯೇ ನಿಲ್ಲಿಸಿ, ಜಾಗ ತಪ್ಪಿತೆಂದು ಸ್ಟೇರಿಂಗಿನ ಜತೆ ಗುದ್ದಾಡುತ್ತಾರೆ. ಕಲಿಯುವ ಮೊದಮೊದಲು, ಸರಿಯಾದ ಸ್ಥಳದಲ್ಲಿ ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಕೆಳಗಿಳಿದು, ಬಂಪರ್ ಎಲ್ಲಿದೆಯೆಂದು ನೋಡಿ, ಮತ್ತೆ ಸೀಟಿನಲ್ಲಿ ಕುಳಿತು ನಿಮ್ಮ ಭುಜದ ನೇರಕ್ಕೆ ಯಾವುದು ಬಂದಿದೆಯೆಂದು ಗಮನಿಸಬೇಕು. ಅದೇ ನಿಮ್ಮ ಗುರುತು. ಚಾಲಕನ ಎತ್ತರ, ಸೀಟು, ಕಾರು ಬದಲಾದರೆ ಆ ಗುರುತೂ ಬದಲಾಗುತ್ತದೆ. ಕಲಿಕೆಯ ಕಾರಿನಲ್ಲಿ ಕಂಠಪಾಠ ಮಾಡಿದ ಗುರುತು ಸ್ವಂತ ಕಾರಿನಲ್ಲಿ ಕೈಕೊಡುವುದು ಇದರಿಂದಲೇ.

ಹಿಂದೆ, ಎರಡೂ ಪಕ್ಕ, ಬಲಬದಿಯ ರಸ್ತೆ ಎಲ್ಲವನ್ನೂ ನೋಡಿ, ಯಾರಾದರೂ ಬರುತ್ತಿದ್ದರೆ ಅವರನ್ನು ಕಳಿಸಿದ ಮೇಲೆ ರಿವರ್ಸ್ ಹಾಕಬೇಕು. ಕಾರು ಮಿಸುಕಿದ ಕೂಡಲೇ ಸ್ಟೇರಿಂಗನ್ನು ಎಡಕ್ಕೆ ಪೂರ್ತಿ ಕಟ್ ಮಾಡಬೇಕು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದಕ್ಕೆ ಒಂದೂವರೆಯಿಂದ ಎರಡು ಸುತ್ತು ಬೇಕಾಗುತ್ತದೆ. ಎಡಗನ್ನಡಿಯಲ್ಲಿ ಖಾಲಿ ಜಾಗದಾಚೆಯ ಆ ಕಾರಿನ ಮೂಲೆಯನ್ನು ನೋಡುತ್ತಿರಬೇಕು, ಏಕೆಂದರೆ ನಿಮ್ಮ ಎಡಮಗ್ಗುಲು ಅದಕ್ಕೆ ಹತ್ತಿರವಾಗಿ ಸಾಗುತ್ತದೆ. ಆ ಮೂಲೆ ತಪ್ಪಿತೆಂದು ಖಚಿತವಾದ ಮೇಲೆ ಬಲಗನ್ನಡಿಯಲ್ಲಿ ಇನ್ನೊಂದು ಬದಿಯ ಕಾರನ್ನೂ ಆಗಾಗ ರಸ್ತೆಯನ್ನೂ ನೋಡಬೇಕು. ಎರಡೂ ಕನ್ನಡಿಗಳಲ್ಲಿ ಪಕ್ಕದ ಕಾರುಗಳು ನಿಮ್ಮ ಕಾರಿಗೆ ಸಮಾನಾಂತರವಾಗಿ ಕಂಡಾಗ ಸ್ಟೇರಿಂಗನ್ನು ನೇರ ಮಾಡಿ, ಉಳಿದ ದೂರವನ್ನು ಹಾಗೆಯೇ ಹಿಂದಕ್ಕೆ ಬರಬೇಕು.

ಒಂದೇ ಸಲಕ್ಕೆ ಸರಿಯಾಗಿ ಕೂರಬೇಕೆಂಬ ಹಟ ಬೇಡ. ಬಲಬದಿಯ ಹಿಂದಿನ ಮೂಲೆ ಪಕ್ಕದ ಕಾರಿಗೆ ಹತ್ತಿರವಾಗುತ್ತಿದ್ದರೆ ನೀವು ತಡವಾಗಿ ಕಟ್ ಮಾಡಿದ್ದೀರಿ ಎಂದರ್ಥ. ಅಲ್ಲಿಯೇ ನಿಂತು, ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿಕೊಂಡು ಒಂದೆರಡು ಮೀಟರ್ ಮುಂದೆ ಬಂದರೆ ಕಾರು ಜಾಗದ ನೇರಕ್ಕೆ ಬರುತ್ತದೆ, ಆಮೇಲೆ ಮತ್ತೆ ಹಿಂದಕ್ಕೆ ಹೋಗಬಹುದು. ಎಡಮಗ್ಗುಲು ತಗಲುವಂತಿದ್ದರೆ ಬೇಗ ಕಟ್ ಮಾಡಿದಂತಾಗಿದೆ. ಬಲಕ್ಕೆ ಜಾಗವಿದ್ದರೆ ಸ್ಟೇರಿಂಗ್ ನೇರ ಮಾಡಿ ಸ್ವಲ್ಪ ಹಿಂದಕ್ಕೆ ಸರಿದು ಮತ್ತೆ ಕಟ್ ಮಾಡಬೇಕು, ಇಲ್ಲವಾದರೆ ಮುಂದೆ ಬಂದು ಹೊಸದಾಗಿ ಆರಂಭಿಸಬೇಕು. ಹಿಂದಿನಿಂದ ಯಾರೋ ಹಾರ್ನ್ ಹೊಡೆಯುತ್ತಾರೆಂದು ಈ ತಿದ್ದುಪಡಿಯನ್ನು ಬಿಡಬಾರದು. ಎರಡು ಸಲ ಮುಂದೆ ಹಿಂದೆ ಮಾಡಿ ನೇರವಾಗಿ ನಿಲ್ಲಿಸುವವರೇ ನುರಿತವರೆಂದು ನಾನು ಎಣಿಸುತ್ತೇನೆ.

ರಸ್ತೆಯ ಉದ್ದಕ್ಕೆ, ಒಂದರ ಹಿಂದೊಂದು ನಿಂತ ಕಾರುಗಳ ನಡುವೆ ನಿಲ್ಲಿಸಲು ನಿಮ್ಮ ಕಾರಿಗಿಂತ ಒಂದೂವರೆ ಮೀಟರಿನಷ್ಟು ಉದ್ದದ ಜಾಗವಿರಬೇಕು. ಮುಂದಿನ ಕಾರಿನ ಪಕ್ಕದಲ್ಲಿ ಮುಕ್ಕಾಲು ಮೀಟರ್ ಅಂತರ ಬಿಟ್ಟು ಎರಡರ ಹಿಂದಿನ ಬಂಪರುಗಳೂ ಒಂದೇ ನೇರಕ್ಕೆ ಬರುವಂತೆ ನಿಂತು, ಎಡಕ್ಕೆ ಕಟ್ ಮಾಡಿ ಹಿಂದಕ್ಕೆ ಬರಬೇಕು. ಬಲಗನ್ನಡಿಯಲ್ಲಿ ಹಿಂದಿನ ಕಾರಿನ ಮುಂಭಾಗ ಪೂರ್ತಿ ಕಂಡಾಗ ಸ್ಟೇರಿಂಗ್ ನೇರ ಮಾಡಿ, ನಿಮ್ಮ ಎಡಬದಿಯ ಮುಂದಿನ ಮೂಲೆ ಮುಂದಿನ ಕಾರನ್ನು ತಪ್ಪಿಸಿಕೊಂಡ ಬಳಿಕ ಬಲಕ್ಕೆ ಪೂರ್ತಿ ಕಟ್ ಮಾಡಬೇಕು. ಇದನ್ನು ಮೊದಲ ಪಾಠ ಗಟ್ಟಿಯಾದ ಮೇಲೆ ಕಲಿಯುವುದು ಲೇಸು.

ನಮ್ಮ ಊರುಗಳಿಗೆ ವಿಶೇಷವಾದ ಕೆಲವು ಎಚ್ಚರಿಕೆಗಳಿವೆ. ಮನೆಯ ಗೇಟಿನ ಮುಂದೆ ಚರಂಡಿಯ ಮೇಲೆ ಹಾಸಿದ ಕಲ್ಲು ಜನ ನಡೆಯಲು ಗಟ್ಟಿಯಿದ್ದರೂ ಕಾರಿನ ಭಾರಕ್ಕೆ ಮುರಿಯಬಹುದು. ಅದರ ಮೇಲೆ ಚಕ್ರ ಹಾಯಿಸುವ ಮೊದಲು ಇಳಿದು ನೋಡಿ, ಚಕ್ರ ಕಲ್ಲಿನ ಅಂಚಿಗೆ ಬೀಳದಂತೆ ದಾರಿ ಹಿಡಿಯಬೇಕು. ಗೇಟಿನ ಇಳಿಜಾರು ಏರಲು ಮಾತ್ರ ತುಸು ಆಕ್ಸಿಲರೇಟರ್ ಬೇಕಾಗುತ್ತದೆ. ಮಳೆ ಬಿದ್ದ ಮೇಲೆ ರಾಯಚೂರು, ಬಳ್ಳಾರಿ ಸೀಮೆಯ ಎರೆಮಣ್ಣಿನ ರಸ್ತೆಬದಿಗೆ ಹಿಂದಿನ ಚಕ್ರಗಳನ್ನು ಇಳಿಸಲೇಬಾರದು. ಮೇಲ್ನೋಟಕ್ಕೆ ಒಣಗಿದಂತಿದ್ದರೂ ಒಳಗೆ ಅಂಟಿನಂತಿದ್ದು ಕಾರು ಹೂತುಕೊಳ್ಳುತ್ತದೆ.

2019ರ ಜುಲೈ 1ರಿಂದ ತಯಾರಾಗುವ ಕಾರುಗಳಲ್ಲಿ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ಅದು ಒಳ್ಳೆಯ ಸಹಾಯಕ. ಆದರೆ ತೆಳುವಾದ ಕಂಬಿಯನ್ನೂ ಬಂಪರಿಗಿಂತ ತಗ್ಗಿನಲ್ಲಿರುವ ಕಲ್ಲನ್ನೂ ಅದು ಗುರುತಿಸದೆ ಹೋಗಬಹುದು, ತೆರೆದ ಚರಂಡಿಯನ್ನಂತೂ ಹೇಳುವುದೇ ಇಲ್ಲ. ಕ್ಯಾಮರಾ ಇದ್ದವರು, ಅದರಲ್ಲಿಯೂ ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳಿನಲ್ಲಿ ಓಡಾಡುವವರು, ಅದರ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳುತ್ತಿರಬೇಕು. ಪೇಟೆಯಲ್ಲಿ ರಿವರ್ಸ್ ಹಾಕಿದೊಡನೆ ನಾಲ್ಕು ಜನ ಸೇರಿ ‘ಬರ್ರಿ, ಬರ್ರಿ’ ಎನ್ನುವುದು ನಮ್ಮವರ ಪ್ರೀತಿಯೇ ಸರಿ. ಆದರೂ ಒಬ್ಬರನ್ನು ಮಾತ್ರ ನಂಬಿ, ‘ಅಣ್ಣಾ, ಸ್ವಲ್ಪ ಬಲಗಡೆ ನಿಂತು ಹೇಳ್ರಿ’ ಎಂದು ಕೇಳಿಕೊಳ್ಳಬೇಕು. ಅವರು ಕನ್ನಡಿಯಲ್ಲಿ ಕಾಣದ ಕಡೆ ಸರಿದರೆ, ಅವರೇ ಕಾರಿನ ಹಿಂದೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ, ಕೂಡಲೇ ನಿಲ್ಲಿಸಬೇಕು.

ನಿಂತ ಮೇಲೆ ಚಕ್ರಗಳನ್ನು ನೇರ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ ಗೇರಿನಲ್ಲಿಯೇ ಬಿಟ್ಟು, ಪಕ್ಕದವರ ಬಾಗಿಲು ತೆರೆಯಲು ಜಾಗವಿದೆಯೇ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಬೀದಿನಾಯಿಗಳು ಕಾರಿನ ಕೆಳಗಿನ ನೆರಳಿಗೆ ಬಂದು ಮಲಗುತ್ತವೆ, ಮಕ್ಕಳ ಚೆಂಡೂ ಅಲ್ಲಿಗೇ ಉರುಳುತ್ತದೆ. ಆದ್ದರಿಂದ ಮತ್ತೆ ಹೊರಡುವಾಗ ಬಾಗಿಲು ತೆರೆಯುವ ಮೊದಲು ಒಂದು ಸುತ್ತು ಬಂದು, ಬಗ್ಗಿ ಚಕ್ರಗಳ ಹಿಂದೆ ಮುಂದೆ ನೋಡಿಯೇ ಕೀಲಿ ತಿರುಗಿಸಬೇಕು.