ಮಧ್ಯಾಹ್ನ ಬೆಲ್ ಒತ್ತುವ ಮಾರಾಟದವರನ್ನು ಬಾಗಿಲಲ್ಲೇ ಕಳಿಸುವುದು ಹೇಗೆ

ಬಳ್ಳಾರಿ ಬಿಸಿಲಲ್ಲಿ ಮಧ್ಯಾಹ್ನ ಎರಡಕ್ಕೆ ಬೆಲ್ ಆಯ್ತು ಅಂದ್ರೆ ಹೆಚ್ಚಾಗಿ ಏನಾದರೂ ಮಾರೋರೇ. ಆ ಹೊತ್ತಲ್ಲಿ ಮನೆಯಲ್ಲಿ ವಯಸ್ಸಾದವರು ಮಾತ್ರ ಇರ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಹೋದ ಬೇಸಿಗೆಯಲ್ಲಿ ಇಬ್ಬರು "ಗ್ಯಾಸ್ ಚೆಕ್ ಮಾಡಬೇಕು ಅಮ್ಮಾ" ಅಂತ ಬಂದರು. ನಮ್ಮಮ್ಮ ಬಾಗಿಲು ತೆಗೆದರು. ಅವರು ನೇರ ಅಡುಗೆಮನೆಗೆ ಹೋಗಿ, ಚೆನ್ನಾಗಿದ್ದ ಪೈಪ್ ಕಿತ್ತು ಬೇರೆ ಹಾಕಿ, ಎಂಟುನೂರು ರೂಪಾಯಿ ತಗೊಂಡು ಹೋದರು. ಸಂಜೆ ಏಜೆನ್ಸಿಗೆ ಕೇಳಿದರೆ ಅವರು ಯಾರನ್ನೂ ಕಳಿಸಿರಲೇ ಇಲ್ಲ.

ಬಾಗಿಲು ತೆಗೆಯಬೇಡಿ, ಕಿಟಕಿಯಿಂದ ಮಾತಾಡಿ. "ಬೇಡಪ್ಪ, ಮುಂದೆ ಹೋಗು" ಅಂದ್ರೆ ಸಾಕು. ಕಾರಣ ಹೇಳಲು ಹೋದರೆ ಅದಕ್ಕೊಂದು ಉತ್ತರ ಅವರ ಹತ್ತಿರ ಇದ್ದೇ ಇರುತ್ತೆ. "ಯಜಮಾನರು ಇಲ್ಲ" ಅಂತ ಮಾತ್ರ ಹೇಳಲೇಬೇಡಿ, ಒಬ್ಬರೇ ಇದ್ದೀನಿ ಅಂತ ನೀವೇ ತಿಳಿಸಿದ ಹಾಗಾಗುತ್ತೆ.

ಗ್ಯಾಸ್‌ನವರು ಅಂದರೆ ಹೊರಗೇ ನಿಲ್ಲಿಸಿ, ನಿಮ್ಮ ಗ್ಯಾಸ್ ಪುಸ್ತಕದಲ್ಲಿರೋ ನಂಬರಿಗೆ ಫೋನ್ ಮಾಡಿ. ಅವರು ಕೊಡೋ ನಂಬರಿಗಲ್ಲ. ನಿಜವಾಗಿ ಗ್ಯಾಸ್ ಸೋರುತ್ತಿದ್ದರೆ 1906 ಇದೆ.

ನೀರಿನ ಫಿಲ್ಟರ್ ಮಾರೋರದು ಇನ್ನೊಂದು ಆಟ. ನಿಮ್ಮ ನಲ್ಲಿ ನೀರಿನ ಲೋಟಕ್ಕೆ ಎರಡು ಕಂಬಿ ಇಳಿಸಿ ಕರೆಂಟ್ ಕೊಡ್ತಾರೆ. ಎರಡೇ ನಿಮಿಷಕ್ಕೆ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ನೊರೆ ಕಟ್ಟುತ್ತೆ. ಅವರ ಫಿಲ್ಟರಿನ ನೀರು ಹಾಗೇ ಇರುತ್ತೆ. ನೋಡಿದವರಿಗೆ ಹೆದರಿಕೆ ಆಗುತ್ತೆ, ಅಲ್ವಾ? ಆ ಬಣ್ಣ ನಿಮ್ಮ ನೀರಿನ ಕೊಳೆ ಅಲ್ಲ, ಕಂಬಿಯ ಕಬ್ಬಿಣವೇ ಕರಗಿ ಬಂದದ್ದು. ನಲ್ಲಿ ನೀರಲ್ಲಿ, ಅದರಲ್ಲೂ ಬೋರ್ ನೀರಾದರೆ, ಲವಣ ಜಾಸ್ತಿ, ಹಾಗಾಗಿ ಕರೆಂಟ್ ಹರಿಯುತ್ತೆ. ಫಿಲ್ಟರ್ ನೀರಲ್ಲಿ ಲವಣ ಕಡಿಮೆ, ಹರಿಯಲ್ಲ. ಆ ನೀರಿಗೂ ಚಿಟಿಕೆ ಉಪ್ಪು ಹಾಕಿಸಿ ನೋಡಿ, ಅದೂ ಕೆಡುತ್ತೆ. ನೀರಿನ ಬಗ್ಗೆ ಅನುಮಾನ ಇದ್ದರೆ ಲ್ಯಾಬಿಗೆ ಕೊಡಿ.

2021ರ ನೇರ ಮಾರಾಟ ನಿಯಮದ ಪ್ರಕಾರ, ಅಂಗಡಿ ಇಲ್ಲದೆ ಏಜೆಂಟರ ಮೂಲಕ ನೇರವಾಗಿ ಮಾರೋ ಕಂಪನಿಗಳ ಮಾರಾಟಗಾರರು ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮನೆಗೆ ಬರೋ ಹಾಗಿಲ್ಲ. ಇದನ್ನ ಗೇಟಲ್ಲೇ ಹೇಳಿ. ಆಧಾರ್, ಓಟಿಪಿ, ಹೆಬ್ಬೆಟ್ಟು ಯಾವುದನ್ನೂ ಕೊಡಬೇಡಿ. ಮೋಸ ಹೋಗಿದ್ದರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಓಟಿಪಿ ಕೊಟ್ಟು ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930.

ಅಪಾರ್ಟ್‌ಮೆಂಟಲ್ಲಿ ಒಬ್ಬರು ಒಳಗೆ ಬಿಟ್ಟರೆ ಎಲ್ಲರ ಮನೆ ಬಾಗಿಲೂ ತಟ್ಟುತ್ತಾರೆ. ಅದಕ್ಕೇ ಯಾರು ಕರೆದಿದ್ದಾರೋ ಅವರೇ ಕೆಳಗೆ ಬಂದು ಕರ್ಕೊಂಡು ಹೋಗಬೇಕು ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿ. ಇಲ್ಲದಿದ್ದರೆ ವಾಚ್‌ಮನ್ ಮೇಲೆ ಸುಮ್ನೆ ಮಾತು ಬರುತ್ತೆ. ಇದನ್ನೇ ಗೇಟಲ್ಲಿ ಬೋರ್ಡ್ ಹಾಕಿ, ಕನ್ನಡದ ಜೊತೆ ತೆಲುಗಿನಲ್ಲೂ ಬರೆಸಿ. ಸೊಪ್ಪಿನವರು, ಹೂವಿನವರು ದಿನಾ ಬರೋರು, ಅವರನ್ನ ಇದಕ್ಕೆ ಸೇರಿಸಬೇಡಿ. ಬಿಸಿಲಲ್ಲಿ ಅಲೆಯೋ ಹುಡುಗರು ನೀರು ಕೇಳಿದರೆ ಕಿಟಕಿಯಿಂದಲೇ ಒಂದು ಬಾಟಲಿ ಕೊಡಿ. ಬಾಗಿಲು ಮಾತ್ರ ಹಾಕಿರಲಿ. ಹೋಗು ಅಂದರೂ ಹೋಗದೆ ಜೋರು ಮಾಡಿದರೆ 112.

ಈಗ ನಮ್ಮ ಬಾಗಿಲ ಒಳಗಡೆ, ಅಮ್ಮನ ಕಣ್ಣಿಗೆ ಕಾಣೋ ಹಾಗೆ ಒಂದು ಹಾಳೆ ಅಂಟಿಸಿದ್ದೇನೆ. ಏಜೆನ್ಸಿ ನಂಬರ್, ವಾಚ್‌ಮನ್ ನಂಬರ್, ನನ್ನ ನಂಬರ್, ಎಲ್ಲಾ ದಪ್ಪ ಅಕ್ಷರದಲ್ಲಿ.