ಹೊಸದಾಗಿ ಪೋಸ್ಟಿಂಗ್ ಆಗಿ ಬಂದವರಿಗೆ ಜೊತೆಗಾರರಾಗುವುದು ಹೇಗೆ?

ವಿಜಯಪುರದ ಕಡೆಯ ಒಬ್ಬರನ್ನು ಗ್ರಾಮ ಆಡಳಿತಾಧಿಕಾರಿ ಅಂತ ಉತ್ತರ ಕನ್ನಡದ ಜೊಯಿಡಾದ ಹಳ್ಳಿಗೆ ಹಾಕಿದರು ಅಂದುಕೊಳ್ಳಿ. ಮಳೆ ಬಿಡುವುದಿಲ್ಲ, ಕರೆಂಟು ಇರುವುದಿಲ್ಲ, ಊರವರ ಮನೆಮಾತು ಕೊಂಕಣಿ, ಸಿಗ್ನಲ್ ಸಿಕ್ಕ ಕೂಡಲೇ ತಾಲ್ಲೂಕು ಆಫೀಸಿನಿಂದ ಪ್ರಗತಿ ಕೇಳುವ ಮೆಸೇಜು. ಇಂಥವರಿಗೆ ಪ್ರೊಬೇಷನ್ ಮುಗಿಯುವವರೆಗೆ ಅದೇ ಕೆಲಸ ಬಲ್ಲ ಒಬ್ಬರು ಜೊತೆಗಿದ್ದರೆ ಎಷ್ಟೋ ಹಗುರ. ನಮ್ಮ ಜಿಲ್ಲೆಯ ಪ್ರತಿ ಆಫೀಸಿನಲ್ಲೂ ಇದು ಆಗಬೇಕು, ದೊಡ್ಡ ಖರ್ಚೇನೂ ಇಲ್ಲ.

ಮೊದಲು ಯಾರು ಜೊತೆಗಾರರಾಗಬೇಕು ಅನ್ನುವುದು. ಕಾರ್ಯನಿರ್ವಹಣಾ ವರದಿ ಬರೆಯುವವರು, ರಜೆ ಮಂಜೂರು ಮಾಡುವವರು ಬೇಡವೇ ಬೇಡ. ಸಾಹೇಬರು ಎಷ್ಟೇ ಒಳ್ಳೆಯವರಾಗಿರಲಿ, ಅವರ ಮುಂದೆ "ನನ್ನ ಕೈಲಿ ಆಗ್ತಿಲ್ಲ ಸರ್" ಅನ್ನಲು ಬಾಯಿ ಬರುವುದಿಲ್ಲ. ಅದೇ ಹುದ್ದೆಯಲ್ಲಿ ನಾಲ್ಕೈದು ಮಳೆಗಾಲ ಕಳೆದವರು, ಆದರೆ ಬೇರೆ ಶಾಖೆಯವರು ಸರಿ. ಇಬ್ಬರಿಗೂ ಹೊಂದದಿದ್ದರೆ ಬದಲಾಯಿಸಿ, ಕಾರಣ ಕೇಳಬೇಡಿ.

ಶುರುವಿಗೆ ಮನಸ್ಸಿನ ವಿಷಯಕ್ಕೆ ಕೈ ಹಾಕಬೇಡಿ. ಬಾಡಿಗೆ ಮನೆ ಎಲ್ಲಿ, ಕೊನೆಯ ಬಸ್ಸು ಎಷ್ಟಕ್ಕೆ, ರೊಟ್ಟಿ ಸಿಗುವ ಖಾನಾವಳಿ ಯಾವುದು, ಇವು ಮೊದಲು. ಆಮೇಲೆ ಒಂದು ಫೈಲು ಎದುರಿಟ್ಟುಕೊಂಡು ಕೂರಿ. ಯಾರ ಅರ್ಜಿ, ಏನು ಕೇಳಿದ್ದಾರೆ, ಯಾವ ನಿಯಮ ಬರುತ್ತದೆ, ಹಿಂದಿನ ಆದೇಶ ಏನಿದೆ, ಇಷ್ಟು ಬರೆದು ಕೊನೆಗೆ "ಆದೇಶಕ್ಕಾಗಿ ಮಂಡಿಸಿದೆ" ಅಂತ ಮುಗಿಸುವುದನ್ನು ಬರೆದೇ ತೋರಿಸಿ. ಮಾಲ್ಕಿ (ಸ್ವಂತ ಜಮೀನು), ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಅತಿಕ್ರಮಣ (ಸರ್ಕಾರಿ ಜಾಗದ ಒತ್ತುವರಿ) ಇವುಗಳ ವ್ಯತ್ಯಾಸ ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ, ಅದು ಗೊತ್ತಿಲ್ಲದೇ ಜಗಳದ ಮಧ್ಯೆ ನಿಂತರೆ ರಾತ್ರಿ ನಿದ್ದೆ ಬರುವುದಿಲ್ಲ. ಎಷ್ಟೋ ಸಲ ಕೆಲಸ ಕೈಗೆ ಹತ್ತಿದರೆ ಅರ್ಧ ಭಯ ಹೋಗುತ್ತದೆ.

ಮಾತಾಡುವುದು ಆಫೀಸಿನ ಹೊರಗೆ. ಕಾರವಾರದಲ್ಲಾದರೆ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ನಡೆಯುತ್ತಾ ಹೋಗಿ, ಮುಖ ನೋಡಿಕೊಂಡು ಕೂರುವುದಕ್ಕಿಂತ ನಡೆಯುವಾಗ ಮಾತು ಸಲೀಸು. "ಎಂತಾ ಆಯ್ತು ಮಾರಾಯ, ಈ ವಾರ ಭಾರೀ ಸೋತ ಹಾಗೆ ಕಾಣ್ತಿ" ಅಂತ ಕೇಳಿ ಸುಮ್ನಿರಿ. ನಡುವೆ ನಿಮ್ಮ ಕಥೆ ತರಬೇಡಿ, "ಇದೆಲ್ಲಾ ಎಲ್ಲರಿಗೂ ಇರೋದೇ" ಅನ್ನಬೇಡಿ. ಏನನ್ನೂ ಬರೆದಿಡಬೇಡಿ, ವಾಟ್ಸಾಪಲ್ಲಿ ಹಾಕಬೇಡಿ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರಿಗೆ ಹೇಳುತ್ತೇನೆ ಅನ್ನುವುದನ್ನು ಮೊದಲ ದಿನವೇ ತಿಳಿಸಿ.

2024ರ ಜುಲೈ 16ರಂದು ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದ ಮೇಲೆ ಶೋಧ ಸೆಪ್ಟೆಂಬರ್‌ವರೆಗೂ ನಡೆಯಿತು. ಅಂಥ ಡ್ಯೂಟಿ ಮಾಡಿ ಬಂದವರಿಂದ ಕಂಡದ್ದನ್ನು ಒತ್ತಾಯ ಮಾಡಿ ಹೇಳಿಸಬೇಡಿ. ಊಟ, ನಿದ್ದೆ, ರಜೆ ನೋಡಿಕೊಳ್ಳಿ, ಮೂರು ವಾರ ಬಿಟ್ಟು ಮತ್ತೆ ವಿಚಾರಿಸಿ.

ವಾರಗಟ್ಟಲೆ ನಿದ್ದೆ ಇಲ್ಲ, ಕುಡಿತ ಜಾಸ್ತಿ, ಕೆಲಸಕ್ಕೆ ಬರುತ್ತಿಲ್ಲ ಅಂದರೆ ನಿಮ್ಮ ಕೆಲಸ ಜೊತೆಗೆ ಹೋಗಿ ವೈದ್ಯರಿಗೆ ಒಪ್ಪಿಸುವುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಇದೆ, ಹಳಿಯಾಳ, ಯಲ್ಲಾಪುರದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ, ಆಫೀಸಿಗೆ ಗೊತ್ತಾಗುತ್ತದೆ ಅಂತ ಹಿಂಜರಿಯುವವರಿಗೆ ಇದನ್ನು ತಿಳಿಸಿ. ಸಾಯುವ ಮಾತು ಬಂದರೆ "ಜೀವ ತೆಗೆದುಕೊಳ್ಳುವ ಯೋಚನೆ ಬರ್ತಿದೆಯಾ?" ಅಂತ ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ತುರ್ತಿಗೆ 112.

ಲೈಂಗಿಕ ಕಿರುಕುಳದ ವಿಷಯವಾದರೆ ನೀವು ರಾಜಿ ಮಾಡಿಸಲು ಹೋಗಬೇಡಿ. ಆಂತರಿಕ ದೂರು ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಬರೆಯಲು ನೆರವಾಗಿ.

ಜೊತೆಗಾರರಿಗೂ ಸುಸ್ತಾಗುತ್ತದೆ ಅಲ್ವಾ? ಒಬ್ಬರಿಗೆ ಇಬ್ಬರಿಗಿಂತ ಜಾಸ್ತಿ ಜನರನ್ನು ಕೊಡಬೇಡಿ. ಜೊತೆಗಾರರೆಲ್ಲ ತಿಂಗಳಿಗೊಮ್ಮೆ ಸೇರಿ, ಯಾರ ಹೆಸರೂ ಎತ್ತದೆ, ತಮಗೆ ಕಷ್ಟವಾದದ್ದನ್ನು ಹಂಚಿಕೊಳ್ಳಲಿ.