ಕೀಳಬೇಕೋ, ಉಳಿಸಬೇಕೋ: ನಾನು ನೋಡುವ ಬಗೆ

"ಡಾಕ್ಟ್ರೇ, ಹಲ್ಲು ಕಿತ್ತು ಬಿಡಿ ಮಾರಾಯ್ರೆ. ನಾಳೆ ಊರಿಗೆ ಮತ್ಸ್ಯಗಂಧ ರೈಲಿಗೆ ಟಿಕೆಟ್ ಇದೆ."

ಮುಂಬೈ ಹತ್ತಿರದ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಬರುವ ಊರ ಕಡೆಯವರ ಮೊದಲ ಮಾತು ಹೆಚ್ಚಾಗಿ ಇದೇ. ಹೋದ ವಾರ ಬಂದವರು ಠಾಣೆಯ ಹೋಟೆಲೊಂದರಲ್ಲಿ ದೋಸೆ ಹುಯ್ಯುವವರು. ಕೆಳಗಿನ ದವಡೆ ಹಲ್ಲು, ಮೂರು ರಾತ್ರಿ ನಿದ್ದೆಯಿಲ್ಲ. ಲವಂಗದ ಎಣ್ಣೆ ಇಟ್ಟೂ ಇಟ್ಟೂ ವಸಡು ಬೆಂದುಹೋಗಿತ್ತು.

ನೋವು ನೋಡಿ ತೀರ್ಮಾನ ಮಾಡಬೇಡಿ. ಕುದಿಯುವುದು ಒಳಗಿನ ನರ, ಅದನ್ನು ರೂಟ್ ಕೆನಾಲ್ ಮಾಡಿ ತೆಗೆಯಬಹುದು. ಚೂರೂ ನೋಯದೆ ಅಲ್ಲಾಡುವ ಹಲ್ಲೇ ಎಷ್ಟೋ ಸಲ ಕೈಬಿಟ್ಟುಹೋಗಿರುತ್ತದೆ. ಬೇರಿನ ತುದಿಯಲ್ಲಿ ಎಕ್ಸ್‌ರೇ ಕಪ್ಪು ತೋರಿಸಿದರೂ ಗಾಬರಿ ಬೇಡ. ಒಳಗೆ ಸ್ವಚ್ಛ ಮಾಡಿದ ಮೇಲೆ ಕೆಲವು ತಿಂಗಳಲ್ಲಿ ಮೂಳೆ ತುಂಬಿಕೊಳ್ಳುವುದುಂಟು.

ನಾನು ಮೊದಲು ಹುಳುಕನ್ನೆಲ್ಲ ಕೆರೆದು ತೆಗೆಯುತ್ತೇನೆ. ಅದಕ್ಕೆ ಮುಂಚೆ ಹೇಳುವುದೆಲ್ಲ ಅಂದಾಜು. ಆಮೇಲೆ ವಸಡಿನ ಮೇಲೆ, ಬಾವಿಕಟ್ಟೆಯ ಹಾಗೆ ಸುತ್ತಲೂ, ಸುಮಾರು 2 ಮಿ.ಮೀ. ಎತ್ತರಕ್ಕೆ ಗಟ್ಟಿ ಹಲ್ಲು ನಿಂತಿದೆಯೇ ನೋಡುತ್ತೇನೆ. ಹಲ್ಲಿನ ಮೇಲೆ ಕೂರಿಸುವ ಕ್ಯಾಪ್ ಹಿಡಿದುಕೊಳ್ಳುವುದು ಆ ಕಟ್ಟೆಯನ್ನು. ತುಸು ಕಡಿಮೆಯಿದ್ದರೆ ಕೆಲವರಿಗೆ ವಸಡು ತಗ್ಗಿಸಿ ಜಾಗ ಮಾಡಬಹುದು. ಏನೂ ಇಲ್ಲದಿದ್ದರೆ ಕ್ಯಾಪ್ ಕಳಚುತ್ತದೆ, ದುಡ್ಡೂ ಹೋಗುತ್ತದೆ.

ಮುಂದಿನದು ಸಣ್ಣ ಅಳತೆಕಡ್ಡಿ. ಹಲ್ಲಿಗೂ ವಸಡಿಗೂ ನಡುವೆ ಅದು 3 ಮಿ.ಮೀ.ವರೆಗೆ ಇಳಿದರೆ ಸರಿ. ಸುತ್ತ ಸರಿಯಿದ್ದು ಒಂದೇ ಕಡೆ ದುಡುಮ್ಮನೆ ಆಳಕ್ಕೆ ಹೋದರೆ ಬೇರು ಉದ್ದಕ್ಕೆ ಸೀಳಿರುವ ಗುಮಾನಿ. ಆ ಸೀಳು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಬೇರು ಹಾಗೆ ಸೀಳಿದ್ದು ಖಚಿತವಾದರೆ ಸಾಮಾನ್ಯವಾಗಿ ಕೀಳುವುದೇ. ಒತ್ತಿದಾಗ ಹಲ್ಲು ಮೇಲೆ ಕೆಳಗೆ ಆಡಿದರೂ ಬಹುತೇಕ ಅದೇ ದಾರಿ. ಬುದ್ಧಿಹಲ್ಲಿಗಂತೂ ನಾನು ಹೆಚ್ಚು ಹೆಣಗುವುದಿಲ್ಲ.

ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ಇಂಜೆಕ್ಷನ್ ತೆಗೆದುಕೊಳ್ಳುವವರು, ದವಡೆಗೆ ರೇಡಿಯೇಷನ್ ಆದವರು ಅದನ್ನು ಹೇಳಲು ಮರೆಯಲೇಬಾರದು. ಹಲ್ಲು ಕಿತ್ತ ಜಾಗದ ಮೂಳೆ ಅವರಲ್ಲಿ ಮಾಯದೇ ಉಳಿಯಬಹುದು, ಹಾಗಾಗಿ ಉಳಿಸಲು ಜಾಸ್ತಿ ಪ್ರಯತ್ನಪಡುತ್ತೇವೆ.

ಕೀಳುವುದು ಅಗ್ಗ, ಅದು ಈವತ್ತಿನ ಲೆಕ್ಕ. ಖಾಲಿ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನದು ಇಳಿಯುತ್ತದೆ. ಅಲ್ಲಿ ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟುವ ಕೃತಕ ಹಲ್ಲು, ಹಾಕಿಸುವುದು ರೂಟ್ ಕೆನಾಲಿಗಿಂತ ದೊಡ್ಡ ಖರ್ಚು. ಅದಕ್ಕೇ ಕುರ್ಚಿಯಲ್ಲಿ ಕೂತಾಗ ಕೇಳಿ: ಹುಳುಕು ತೆಗೆದ ಮೇಲೆ ಎಷ್ಟು ಉಳಿಯುತ್ತದೆ? ಕ್ಯಾಪ್ ಸೇರಿ ಒಟ್ಟು ಎಷ್ಟಾಗುತ್ತದೆ? ಕಿತ್ತರೆ ಅಲ್ಲಿಗೆ ಏನು ಹಾಕುತ್ತೀರಿ?

ದೋಸೆಯವರ ಹಲ್ಲಿಗೆ ಕಟ್ಟೆ ಗಟ್ಟಿಯಿತ್ತು. ನರ ತೆಗೆದು, ಒಳಗೆ ಔಷಧಿ ಇಟ್ಟು, ತಾತ್ಕಾಲಿಕ ಸಿಮೆಂಟ್ ಹಾಕಿದೆ. ಊರಿನಿಂದ ಬರುವುದು ಒಂದು ತಿಂಗಳಾಗುತ್ತದೆ ಅಂದರು. ಎರಡು ವಾರದೊಳಗೆ ಬನ್ನಿ, ಸಿಮೆಂಟ್ ಸವೆದು ಹಲ್ಲು ಒಡೆದರೆ ಆಗ ನಾನೇ ಕೀಳಬೇಕಾಗುತ್ತದೆ, ಅಲ್ಲಿಯವರೆಗೆ ಆ ಕಡೆಯಿಂದ ಚಕ್ಕುಲಿ ಕಡಿಯಬೇಡಿ ಎಂದು ಹೆದರಿಸಿಯೇ ಕಳಿಸಿದ್ದೇನೆ.